ಕ್ವಿಬೆಕ್ ಸೇತುವೆ ಮತ್ತು ನಿಲ್ಲಿಸುವ ಅಧಿಕಾರ

ಕೆನಡಾದಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿದವರು ಬರೆಯುವ ಕೈಯ ಕಿರುಬೆರಳಿಗೆ ಒಂದು ಸಾದಾ ಉಂಗುರ ತೊಡುವ ಪದ್ಧತಿಯಿದೆ. ಹೆಸರಿಗೆ ಅದು ಕಬ್ಬಿಣದ ಉಂಗುರ, ಈಗ ಹೆಚ್ಚಿನವು ಸ್ಟೇನ್‌ಲೆಸ್ ಸ್ಟೀಲಿನವು. ಕರ್ನಾಟಕದಿಂದ ಹೋಗಿ ಅಲ್ಲಿ ಓದಿದವರ ಕೈಯಲ್ಲೂ ಅದನ್ನು ಕಾಣಬಹುದು. 1907ರಲ್ಲಿ ಸೇಂಟ್ ಲಾರೆನ್ಸ್ ನದಿಗೆ ಕುಸಿದುಬಿದ್ದ ಕ್ವಿಬೆಕ್ ಸೇತುವೆಯ ಲೋಹದಿಂದಲೇ ಮೊದಲ ಉಂಗುರಗಳನ್ನು ಮಾಡಿದರು ಎಂಬ ಕಥೆ ಪೀಳಿಗೆಯಿಂದ ಪೀಳಿಗೆಗೆ ದಾಟಿ ಬಂದಿದೆ. ಕಥೆ ನಿಜವಲ್ಲ. ಆದರೂ ಅದು ಇಷ್ಟು ಕಾಲ ಉಳಿದದ್ದಕ್ಕೆ ಕಾರಣವಿದೆ: ಆ ದುರಂತದಿಂದ ವೃತ್ತಿ ಕಲಿತ ಪಾಠ ಯಾವುದು ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರವೇ ಅದು. ಎಂಜಿನಿಯರ್ ತಪ್ಪು ಮಾಡಿದ, ಜನ ಸತ್ತರು, ಇನ್ನು ಮುಂದೆ ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯನ್ನು ಬೆರಳಲ್ಲಿ ಧರಿಸಿಕೊಂಡು ಓಡಾಡಲಿ ಎಂಬುದು ಆ ಉತ್ತರದ ತಿರುಳು. ಕ್ವಿಬೆಕ್‌ನ ದಾಖಲೆಗಳನ್ನು ಕೂತು ಓದಿದರೆ ಕಾಣುವುದು ಬೇರೆ. ಅಲ್ಲಿ ಮನಸ್ಸಾಕ್ಷಿಯ ಬರವಿರಲಿಲ್ಲ. ಕಣ್ಣೆದುರು ಉಕ್ಕು ಬಾಗುತ್ತಿದ್ದಾಗ ‘ಕೆಲಸ ನಿಲ್ಲಿಸಿ’ ಎಂದು ಹೇಳಬಲ್ಲ ಒಬ್ಬ ಮನುಷ್ಯ ಆ ನದಿಯ ದಂಡೆಯಲ್ಲಿ ಇರಲಿಲ್ಲ. ವೃತ್ತಿನೀತಿಯ ಚರ್ಚೆ ಶುರುವಾಗಬೇಕಾದದ್ದು ಈ ಗೈರುಹಾಜರಿಯಿಂದ ಎಂಬುದು ನನ್ನ ವಾದ.

ಸೇತುವೆಯ ಕನಸು ಹಳೆಯದು. ಕ್ವಿಬೆಕ್ ಬ್ರಿಡ್ಜ್ ಕಂಪನಿ ಹುಟ್ಟಿದ್ದು 1887ರಲ್ಲಿ, ಕೈಯಲ್ಲಿ ಕಾಸಿಲ್ಲದೆ. ಹನ್ನೆರಡು ವರ್ಷದ ನಂತರ, 1899ರಲ್ಲಿ, ಬಂದ ಟೆಂಡರುಗಳನ್ನು ನೋಡಿ ಹೇಳಿ ಎಂದು ಅದು ನ್ಯೂಯಾರ್ಕಿನ ಥಿಯೊಡೋರ್ ಕೂಪರ್ ಅವರ ಮೊರೆಹೋಯಿತು. ರೈಲ್ವೆ ಸೇತುವೆಗಳ ಮಟ್ಟಿಗೆ ಅಮೆರಿಕದಲ್ಲಿ ಅಂದು ಕೂಪರ್ ಅವರಿಗಿಂತ ದೊಡ್ಡ ಹೆಸರು ಇರಲಿಲ್ಲ. ಅವರು ಬರೆದ ನಿಯಮಾವಳಿಯನ್ನು ಹಿಡಿದೇ ಅಲ್ಲಿನ ಅನೇಕ ಸೇತುವೆಗಳು ಎದ್ದಿದ್ದವು. ಪೆನ್ಸಿಲ್ವೇನಿಯಾದ ಫೀನಿಕ್ಸ್ ಬ್ರಿಡ್ಜ್ ಕಂಪನಿಯ ನಕ್ಷೆಯೇ ಉತ್ತಮವೂ ಅಗ್ಗವೂ ಎಂದು ಅವರು ತೀರ್ಪಿತ್ತರು. 1900ರ ಮೇ ತಿಂಗಳಲ್ಲಿ ಅವರನ್ನೇ ಸಲಹೆಗಾರ ಎಂಜಿನಿಯರ್ ಆಗಿ ನೇಮಿಸಲಾಯಿತು. ಅದೇ ತಿಂಗಳು ಅವರ ಸಲಹೆಯಂತೆ ಮುಖ್ಯ ಅಂಕಣದ ಉದ್ದ 1,600 ಅಡಿಯಿಂದ 1,800 ಅಡಿಗೆ ಏರಿತು. ಕಂಬಗಳು ದಡದತ್ತ ಸರಿದು ಆಳ ಕಡಿಮೆಯಿರುವ ಕಡೆ ನಿಲ್ಲುತ್ತವೆ, ಹಿಮದ ಒತ್ತಡ ತಗ್ಗುತ್ತದೆ, ಅಡಿಪಾಯ ಬೇಗ ಮುಗಿಯುತ್ತದೆ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಜೊತೆಗೆ, 1,710 ಅಡಿಯ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ಹಿಂದಿಕ್ಕಿ ಜಗತ್ತಿನ ಅತಿ ಉದ್ದದ ಅಂಕಣ ಇದಾಗುತ್ತಿತ್ತು ಎಂಬುದೂ ಸುಳ್ಳಲ್ಲ. 1879ರಲ್ಲಿ ಟೇ ಸೇತುವೆ ರೈಲಿನ ಸಮೇತ ಬಿದ್ದಿದ್ದರಿಂದ ಬೆದರಿದ್ದ ಬ್ರಿಟನ್ ಫೋರ್ತ್ ಸೇತುವೆಗೆ ಉಕ್ಕನ್ನು ಧಾರಾಳವಾಗಿ ಸುರಿದಿತ್ತು. ಆ ಧಾರಾಳತನವನ್ನು ಕೂಪರ್ ಒಡ್ಡುತನವೆಂದು ಹಳಿದಿದ್ದರು. ಕಡಿಮೆ ಉಕ್ಕಿನಲ್ಲಿ ಹೆಚ್ಚು ದೂರ ದಾಟುವುದೇ ಅವರ ತಲೆಮಾರಿನ ಅಮೆರಿಕನ್ ಎಂಜಿನಿಯರುಗಳ ಹೆಮ್ಮೆಯಾಗಿತ್ತು.

ಇನ್ನೂರು ಅಡಿ ಹೆಚ್ಚಾದಾಗ ಆಗಬೇಕಿದ್ದ ಮೊದಲ ಕೆಲಸ ಸೇತುವೆಯ ಸ್ವಂತ ಭಾರವನ್ನು ಮತ್ತೆ ಲೆಕ್ಕ ಹಾಕುವುದು. ದೊಡ್ಡ ಸೇತುವೆಗಳಲ್ಲಿ ರೈಲಿನ ಭಾರಕ್ಕಿಂತ ಸೇತುವೆ ತನ್ನನ್ನು ತಾನೇ ಹೊರುವ ಭಾರವೇ ದೊಡ್ಡದು. ಅಂಕಣ ಉದ್ದವಾದಂತೆ ಆ ಭಾರ ಉದ್ದವನ್ನೂ ಮೀರಿ ಬೆಳೆಯುತ್ತದೆ. ಆದರೆ ಕಂಪನಿಯ ಬಳಿ ಹಣವಿರಲಿಲ್ಲವಾದ್ದರಿಂದ ಮೂರು ವರ್ಷ ನಕ್ಷೆಯ ಕೆಲಸವೇ ನಡೆಯಲಿಲ್ಲ. 1903ರಲ್ಲಿ ಸರ್ಕಾರದ ಖಾತರಿ ಸಿಕ್ಕಿ ಹಣ ಬಂದಾಗ ಅವಸರ ಶುರುವಾಯಿತು. ಫೀನಿಕ್ಸ್ ಕಂಪನಿಯ ವಿನ್ಯಾಸ ಎಂಜಿನಿಯರ್ ಪೀಟರ್ ಶ್ಲಾಪ್ಕಾ ಹಳೆಯ ಭಾರದ ಅಂದಾಜನ್ನೇ ಇಟ್ಟುಕೊಂಡು ಬಿಡಿಭಾಗಗಳ ನಕ್ಷೆ ಬಿಡಿಸಿದರು, ಕೂಪರ್ ಒಪ್ಪಿಗೆ ಕೊಟ್ಟರು. ಉಕ್ಕಿನ ಮೇಲೆ ವಿಪರೀತ ಸಂದರ್ಭದಲ್ಲಿ ಚದರ ಇಂಚಿಗೆ 24,000 ಪೌಂಡ್‌ವರೆಗೆ ಒತ್ತಡ ಬೀಳಬಹುದೆಂದು ಕೂಪರ್ ಮಿತಿ ಹಾಕಿದ್ದರು. ಅಂದಿನ ರೂಢಿಗೆ ಅದೇ ಹೆಚ್ಚು. 1906ರ ಆರಂಭದಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಬಿಡಿಭಾಗಗಳನ್ನು ತೂಗಿದ ಲೆಕ್ಕ ಬಂದಾಗ ವಿಷಯ ಬಯಲಾಯಿತು: 6.2 ಕೋಟಿ ಪೌಂಡ್ ಎಂದುಕೊಂಡಿದ್ದ ಸೇತುವೆ 7.3 ಕೋಟಿ ಪೌಂಡಿನತ್ತ ಹೊರಟಿತ್ತು. ಅಷ್ಟರೊಳಗೆ ಸೇತುವೆಯ ಒಂದು ದೊಡ್ಡ ಭಾಗ ತಯಾರಾಗಿತ್ತು. ಒತ್ತಡ ಶೇಕಡಾ 7ರಿಂದ 10ರಷ್ಟು ಹೆಚ್ಚಾಗಬಹುದು, ಅಷ್ಟನ್ನು ತಡೆದುಕೊಳ್ಳುತ್ತದೆ ಎಂದು ಕೂಪರ್ ಕೆಲಸ ಮುಂದುವರಿಸಲು ಬಿಟ್ಟರು. ಇಲ್ಲವೆಂದಿದ್ದರೆ ತಯಾರಾದದ್ದನ್ನು ಗುಜರಿಗೆ ಹಾಕಿ ಮೊದಲಿಂದ ಆರಂಭಿಸಬೇಕಿತ್ತು.

ಇದರ ಹಿಂದಿನ ಇನ್ನೊಂದು ಘಟನೆ ನನ್ನ ಮಟ್ಟಿಗೆ ತೂಕದ ತಪ್ಪಿಗಿಂತ ದೊಡ್ಡದು. 1903ರಲ್ಲಿ ಕೆನಡಾ ಸರ್ಕಾರದ ರೈಲ್ವೆ ಮತ್ತು ಕಾಲುವೆ ಇಲಾಖೆಯ ಮುಖ್ಯ ಎಂಜಿನಿಯರ್ ಕಾಲಿಂಗ್‌ವುಡ್ ಶ್ರೈಬರ್ ಒಂದು ಸಲಹೆ ಮುಂದಿಟ್ಟರು: ಕೂಪರ್ ಒಪ್ಪಿದ ನಕ್ಷೆಗಳನ್ನು ಇಲಾಖೆಯ ಕಡೆಯಿಂದ ಸೇತುವೆಗಳಲ್ಲಿ ನುರಿತ ಇನ್ನೊಬ್ಬ ಎಂಜಿನಿಯರ್ ನೋಡಲಿ. ಸಾರ್ವಜನಿಕರ ಹಣ, ಯಾರೂ ಕಟ್ಟಿರದಷ್ಟು ದೊಡ್ಡ ಸೇತುವೆ, ಎರಡನೆಯ ಜೋಡಿ ಕಣ್ಣು ಬೇಡವೇ? ಕೂಪರ್ ಸಿಟ್ಟಾದರು. ತನ್ನನ್ನು ಕೈಕೆಳಗಿನವನ ಸ್ಥಾನಕ್ಕೆ ಇಳಿಸಿದಂತಾಗುತ್ತದೆ ಎಂದು ವಿರೋಧಿಸಿದರು. ಇಲಾಖೆ ಹಿಂದೆ ಸರಿಯಿತು. ಕೊನೆಯ ಮಾತು ಕೂಪರ್ ಅವರದೇ ಆಯಿತು. ಹಾಗೆ ಕೊನೆಯ ಮಾತನ್ನು ಕೈಗೆ ತೆಗೆದುಕೊಂಡವರು ಆರೋಗ್ಯ ಸರಿಯಿಲ್ಲದೆ ನ್ಯೂಯಾರ್ಕ್ ಬಿಟ್ಟು ಹೊರಡದಾದರು. 1903ರ ಮೇ ತಿಂಗಳ ನಂತರ ಅವರು ಕ್ವಿಬೆಕ್‌ಗೆ ಬರಲೇ ಇಲ್ಲ. ಉಕ್ಕಿನ ಒಂದು ತುಂಡೂ ಮೇಲೇರುವುದನ್ನು ಅವರು ಕಣ್ಣಾರೆ ನೋಡಲಿಲ್ಲ. ಶ್ಲಾಪ್ಕಾ ಲೆಕ್ಕಗಳನ್ನು ಮರುಪರಿಶೀಲಿಸುವಷ್ಟು ಸಿಬ್ಬಂದಿಯೂ ಅವರ ಕಚೇರಿಯಲ್ಲಿ ಇರಲಿಲ್ಲ. ವಿಪರ್ಯಾಸವೆಂದರೆ, ಇದೇ ಕೂಪರ್ ಹರೆಯದಲ್ಲಿ ಸೇಂಟ್ ಲೂಯಿಯ ಈಡ್ಸ್ ಸೇತುವೆಯ ಮೇಲೆ ಇನ್‌ಸ್ಪೆಕ್ಟರ್ ಆಗಿದ್ದವರು. ಕಮಾನಿನಲ್ಲಿ ಬಿರುಕು ಕಂಡ ರಾತ್ರಿ ತಡಮಾಡದೆ ಸೇತುವೆಯ ಎಂಜಿನಿಯರ್ ಈಡ್ಸ್‌ಗೆ ತಂತಿ ಕಳಿಸಿದವರು. ಸೈಟಿನಲ್ಲಿ ನಿಂತ ಕಣ್ಣಿನ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಹಾಗಾದರೆ ಕ್ವಿಬೆಕ್‌ನಲ್ಲಿ ಯಾರಿದ್ದರು? ಸೇತುವೆ ಕಂಪನಿಯ ಮುಖ್ಯ ಎಂಜಿನಿಯರ್ ಎಡ್ವರ್ಡ್ ಹೋರ್ ಇದ್ದರು, ಆದರೆ ಇಂಥ ಸೇತುವೆಯ ಅನುಭವ ಅವರಿಗಿರಲಿಲ್ಲ. ತಾಂತ್ರಿಕ ಪ್ರಶ್ನೆ ಬಂದಾಗಲೆಲ್ಲ ಅವರು ನ್ಯೂಯಾರ್ಕಿನತ್ತ ಕೈ ತೋರಿಸುತ್ತಿದ್ದರು. ಕೂಪರ್ ಅವರ ಪ್ರತಿನಿಧಿಯಾಗಿ ನಾರ್ಮನ್ ಮೆಕ್ಲೂರ್ ಎಂಬ ಯುವ ಎಂಜಿನಿಯರ್ ಇದ್ದರು. ಅವರಿಗೆ ನೋಡುವ, ಬರೆದು ತಿಳಿಸುವ ಕೆಲಸವಿತ್ತು, ತಡೆಯುವ ಅಧಿಕಾರವಿರಲಿಲ್ಲ. ಫೀನಿಕ್ಸ್ ಕಂಪನಿಯ ಮೇಸ್ತ್ರಿಗಳಿಗೆ ಕೆಲಸ ಮುಗಿಸುವ ಗಡುವಿತ್ತು. 1907ರ ಆಗಸ್ಟ್ ಆರಂಭದಲ್ಲಿ ಸೇತುವೆಯ ಭಾರ ಹೊರುವ ಕೆಳಗಿನ ಉಕ್ಕಿನ ದಂಡಗಳ ಜೋಡಣೆಗಳು ಸಾಲು ತಪ್ಪುತ್ತಿವೆ ಎಂದು ಮೆಕ್ಲೂರ್ ಬರೆದರು. ಇದು ಹೇಗಾಯಿತು ಎಂದು ಕೂಪರ್ ಕೇಳಿದರು. ಕಾರ್ಖಾನೆಯಿಂದ ಬರುವಾಗಲೇ ಹಾಗಿತ್ತು ಎಂದು ಫೀನಿಕ್ಸ್ ಕಡೆಯವರು ಹೇಳಿದರು. ಮೂರು ವಾರ ಪತ್ರಗಳು ಓಡಾಡಿದವು, ಉಕ್ಕು ಮೇಲೇರುತ್ತಲೇ ಇತ್ತು. ಆಗಸ್ಟ್ 27ರಂದು ದಕ್ಷಿಣದ ಕಂಬಕ್ಕೆ ಹತ್ತಿರದ ಒಂದು ದಂಡವನ್ನು ಅಳೆದಾಗ ಅದರ ಬಾಗು ಎರಡೂಕಾಲು ಇಂಚು ಆಗಿತ್ತು. ಕೇವಲ ಒಂದು ವಾರದ ಹಿಂದೆ ಅದು ಮುಕ್ಕಾಲು ಇಂಚಿತ್ತು. ಕಾರ್ಖಾನೆಯಲ್ಲಿ ಬಾಗಿದ ಉಕ್ಕು ಸೇತುವೆಯ ಮೇಲೆ ಒಂದೇ ವಾರದಲ್ಲಿ ಇನ್ನೂ ಒಂದೂವರೆ ಇಂಚು ಬಾಗಲು ಸಾಧ್ಯವಿಲ್ಲ. ಅಂದು ಕೆಲಸ ತುಸು ತಡೆಯಿತು, ಮತ್ತೆ ಶುರುವಾಯಿತು. ನಿಲ್ಲಿಸಿದರೆ ಕೆಲಸಗಾರರ ಮನಸ್ಸಿನ ಮೇಲೆ ಕೆಟ್ಟ ಪರಿಣಾಮವಾದೀತು ಎಂಬುದು ಹೋರ್ ಅವರ ಅಂಜಿಕೆಯಾಗಿತ್ತು. ಕೆಲಸಗಾರರೇನೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ತಾನು ಹೊಡೆದ ರಿವೆಟ್‌ಗಳು ಮುರಿದದ್ದನ್ನು ಕಂಡು ಮೇಸ್ತ್ರಿಗೆ ತೋರಿಸಿದ್ದಾಗಿ ಒಬ್ಬ ರಿವೆಟ್‌ಗಾರ ಆಮೇಲೆ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದ.

ಮುಂದಿನದನ್ನು ಗಂಟೆಗಳ ಲೆಕ್ಕದಲ್ಲೇ ಹೇಳಬೇಕು. ಮೆಕ್ಲೂರ್ ರೈಲು ಹತ್ತಿ ಸುಮಾರು 700 ಕಿಲೋಮೀಟರ್ ದೂರದ ನ್ಯೂಯಾರ್ಕಿಗೆ ಹೋದರು, ಆಗಸ್ಟ್ 29ರ ಮಧ್ಯಾಹ್ನಕ್ಕೆ ಮುಂಚೆ ಕೂಪರ್ ಅವರನ್ನು ಕಂಡರು. ಕೂಪರ್‌ಗೆ ಕೂಡಲೇ ಅಪಾಯ ಅರ್ಥವಾಯಿತು. ವಿಷಯವನ್ನು ಸರಿಯಾಗಿ ಪರಿಶೀಲಿಸುವವರೆಗೆ ಸೇತುವೆಯ ಮೇಲೆ ಇನ್ನಷ್ಟು ಭಾರ ಹಾಕಬೇಡಿ ಎಂದು ತಂತಿ ಕಳಿಸಿದರು. ಆ ತಂತಿ ಹೋದದ್ದು ಪೆನ್ಸಿಲ್ವೇನಿಯಾದ ಫೀನಿಕ್ಸ್ ಕಚೇರಿಗೆ, ಕ್ವಿಬೆಕ್‌ಗಲ್ಲ. ಮೆಕ್ಲೂರ್ ನ್ಯೂಯಾರ್ಕಿನಿಂದ ಆ ಕಚೇರಿಯಿದ್ದ ಫೀನಿಕ್ಸ್‌ವಿಲ್‌ಗೆ ಹೋದರು, ಸಂಜೆ ಅಲ್ಲಿನವರ ಜೊತೆ ಮಾತುಕತೆಯಾಯಿತು, ಬೆಳಗಾಗಲಿ ನೋಡೋಣ ಎಂದು ತೀರ್ಮಾನವಾಯಿತು. ಅದೇ ಹೊತ್ತಿಗೆ, ಸಂಜೆ 5.37ಕ್ಕೆ, ದಿನದ ಕೆಲಸ ಮುಗಿಯುವ ವೇಳೆಯಲ್ಲಿ, 19,000 ಟನ್ ಉಕ್ಕು ಕಣ್ಣು ಮಿಟುಕಿಸಿದಷ್ಟೇ ಹೊತ್ತಿನಲ್ಲಿ ನದಿಗೆ ಕುಸಿಯಿತು. ಸೇತುವೆಯ ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು. ಉಕ್ಕಿನ ಅಡಿ ಸಿಕ್ಕಿಕೊಂಡು ಜೀವಂತವಿದ್ದ ಕೆಲವರು ರಾತ್ರಿ ಉಬ್ಬರದ ನೀರು ಏರಿ ಮುಳುಗಿದರು. ಸತ್ತವರಲ್ಲಿ 33 ಮಂದಿ ಮಾಂಟ್ರಿಯಲ್ ಬಳಿಯ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಜನ.

ವಿಚಾರಣೆಗೆ ನೇಮಕವಾದ ರಾಯಲ್ ಕಮಿಷನ್‌ನ ಮೂವರೂ, ಅಂದರೆ ಹೋಲ್ಗೇಟ್, ಕೆರಿ ಮತ್ತು ಗಾಲ್‌ಬ್ರೈತ್, ಎಂಜಿನಿಯರುಗಳೇ. 1908ರಲ್ಲಿ ಬಂದ ಅವರ ವರದಿ ವೃತ್ತಿಯ ಚರಿತ್ರೆಯಲ್ಲಿ ಒಂದು ಅಪರೂಪದ ಬರಹ. ಅಲ್ಲಿ ವಕೀಲಿಕೆಯ ಚಾತುರ್ಯವಿಲ್ಲ, ಜಾತಿಬಾಂಧವರನ್ನು ಕಾಯುವ ಮೆದುತನವೂ ಇಲ್ಲ. ಬಿದ್ದದ್ದು ಕೆಳಗಿನ ದಂಡಗಳ ವಿನ್ಯಾಸ ದೋಷದಿಂದ, ಅದಕ್ಕೆ ಕೂಪರ್ ಮತ್ತು ಶ್ಲಾಪ್ಕಾ ಇವರ ತೀರ್ಮಾನದ ತಪ್ಪುಗಳೇ ಕಾರಣ ಎಂದು ಅದು ಹೆಸರಿಟ್ಟು ಹೇಳಿತು. ಭಾರವನ್ನು ಮರುಲೆಕ್ಕ ಹಾಕದ್ದನ್ನು ಗಂಭೀರ ಲೋಪವೆಂದಿತು. ಹೋರ್ ಅವರನ್ನು ಮುಖ್ಯ ಎಂಜಿನಿಯರ್ ಮಾಡಿದ್ದೇ ತಪ್ಪು ಎಂದಿತು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಈ ತಪ್ಪುಗಳಿಗೆ ಕರ್ತವ್ಯಲೋಪವಾಗಲಿ ಕಾಸು ಉಳಿಸುವ ದುರಾಸೆಯಾಗಲಿ ಕಾರಣವಲ್ಲ. ವೃತ್ತಿನೀತಿಯನ್ನು ಕಳ್ಳತನ, ಲಂಚ, ಕಲಬೆರಕೆ ಸಿಮೆಂಟುಗಳ ಕಥೆಯಾಗಿಯೇ ಕೇಳಿ ರೂಢಿಯಾದ ನಮಗೆ ಈ ಸಾಲು ಮುಖ್ಯ. ಇಬ್ಬರು ಪ್ರಾಮಾಣಿಕರು, ನಿಷ್ಠರು, ವೃತ್ತಿಯಲ್ಲಿ ಗೌರವಸ್ಥರು 75 ಮಂದಿಯ ಸಾವಿಗೆ ಕಾರಣರಾದರು. ಅವರ ಬೆರಳಿನಲ್ಲಿ ಉಂಗುರವಿದ್ದಿದ್ದರೆ ಏನು ಬದಲಾಗುತ್ತಿತ್ತು?

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಅಂದಿನ ವಿಜ್ಞಾನಕ್ಕೇ ಗೊತ್ತಿರದ ವಿಷಯಕ್ಕೆ ನೀತಿಯ ಹೊಣೆ ಹೊರಿಸುವುದು ಅನ್ಯಾಯವಲ್ಲವೇ? ಇಷ್ಟು ದೊಡ್ಡ ಉಕ್ಕಿನ ಕಂಬಗಳು ಒತ್ತಡದಲ್ಲಿ ಹೇಗೆ ವರ್ತಿಸುತ್ತವೆ ಎಂಬ ತಿಳಿವಳಿಕೆ ಸಾಲದಿತ್ತು ಎಂದು ಕಮಿಷನ್ನೇ ಒಪ್ಪಿಕೊಂಡಿತು. ಆ ದಂಡಗಳು ಒಂದೇ ಅಚ್ಚಿನ ಉಕ್ಕಿನ ತೊಲೆಗಳಲ್ಲ. ನಾಲ್ಕು ದಪ್ಪ ಫಲಕಗಳನ್ನು ಅಕ್ಕಪಕ್ಕ ನಿಲ್ಲಿಸಿ ಓರೆ ಪಟ್ಟಿಗಳಿಂದ ರಿವೆಟ್ ಹೊಡೆದು ಸೇರಿಸಿದವು. ನಾಲ್ಕು ಬಿದಿರಿನ ಗಳಗಳನ್ನು ತೆಳು ಹುರಿಯಲ್ಲಿ ಕಟ್ಟಿ ಅದನ್ನು ಒಂದು ಗಟ್ಟಿ ಕಂಬವೆಂದು ನಂಬಿದಂತೆ. ಹುರಿ ಎಷ್ಟು ಬಲವಾಗಿರಬೇಕು ಎಂದು ಲೆಕ್ಕ ಹಾಕುವ ಖಚಿತ ವಿಧಾನ ಆಗ ಇರಲಿಲ್ಲ. ಸೇತುವೆ ಬಿದ್ದ ಮೇಲೆ 1907ರ ನವೆಂಬರಿನಲ್ಲಿ ಅಂಥ ದಂಡದ ಮೂರನೇ ಒಂದರಷ್ಟು ಗಾತ್ರದ ಮಾದರಿ ಮಾಡಿ ಹಿಚುಕಿದಾಗ ಮೊದಲು ಹೋದದ್ದು ಆ ಪಟ್ಟಿಗಳ ರಿವೆಟ್‌ಗಳೇ. ಆಕ್ಷೇಪದ ಈ ಅರ್ಧ ನಿಜ. ಉಳಿದ ಅರ್ಧವನ್ನು ಆಕ್ಷೇಪಿಸುವವರು ನೋಡುವುದಿಲ್ಲ: ಬಿದ್ದ ನಂತರ ಕೆಲವೇ ತಿಂಗಳಲ್ಲಿ ಮಾಡಲಾದ ಪರೀಕ್ಷೆಯನ್ನು ಕಟ್ಟುವ ಮೊದಲೂ ಮಾಡಬಹುದಿತ್ತು. ಗೊತ್ತಿಲ್ಲದಿರುವುದು ತಪ್ಪಲ್ಲ, ಯಾರೂ ಮಾಡಿರದ ಗಾತ್ರಕ್ಕೆ ಕೈ ಹಾಕಿದವನಿಗೆ ತನಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರಬೇಕಿತ್ತು. ಇನ್ನು ತೂಕ ಹೆಚ್ಚಾದದ್ದು, ದಂಡ ಬಾಗಿದ್ದು ಯಾವ ಗೂಢ ವಿಜ್ಞಾನವೂ ಅಲ್ಲ. ಅಳತೆ ಪಟ್ಟಿಯೇ ಅದನ್ನು ಹೇಳಿತ್ತು. ಸಾವುಗಳನ್ನಾದರೂ ತಪ್ಪಿಸಬಹುದಿತ್ತು ಎಂದು ಕಮಿಷನ್ ತೀರ್ಮಾನಿಸಿದ್ದು ಅದಕ್ಕೇ. ಸೇತುವೆ ಉಳಿಯುತ್ತಿರಲಿಲ್ಲ, ಜನ ಉಳಿಯುತ್ತಿದ್ದರು.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಎರಡನೆಯ ಕಣ್ಣು, ಮೂರನೆಯ ಕಣ್ಣು ಎಂದು ಸೇರಿಸುತ್ತ ಹೋದರೆ ಹೊಣೆ ಹಂಚಿಹೋಗಿ ಕೊನೆಗೆ ಯಾರದೂ ಆಗುವುದಿಲ್ಲ, ಅದಕ್ಕಿಂತ ಒಬ್ಬನ ಸಹಿ, ಒಬ್ಬನ ಮುದ್ರೆ, ಒಬ್ಬನ ಕುತ್ತಿಗೆ ಇದ್ದರೆ ಒಳ್ಳೆಯದು ಎಂಬುದು. ಇದಕ್ಕೆ ಬೆಂಬಲವಾಗಿ 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕಳಚಿ ಬಿದ್ದು 114 ಮಂದಿ ಸತ್ತದ್ದನ್ನು ತೋರಿಸಬಹುದು. ಎರಡು ಹಾದಿಗಳನ್ನೂ ಒಂದೇ ಉದ್ದನೆಯ ಕಂಬಿಗೆ ತೂಗುಹಾಕುವ ಮೂಲ ನಕ್ಷೆಯನ್ನು ಬದಲಿಸಿ ಎರಡು ಬಿಡಿ ಕಂಬಿಗಳನ್ನು ಬಳಸಿದರು; ಕೆಳಗಿನ ಹಾದಿಯ ಭಾರವೂ ಮೇಲಿನ ಹಾದಿಯ ಜೋಡಣೆಗೇ ಬಿದ್ದು ಅಲ್ಲಿನ ಹೊರೆ ಇಮ್ಮಡಿಯಾಯಿತು. ಬದಲಾವಣೆಯಿದ್ದ ನಕ್ಷೆಗಳ ಮೇಲೆ ಎಂಜಿನಿಯರಿಂಗ್ ಸಂಸ್ಥೆಯ ಮುದ್ರೆ ಬಿತ್ತು, ಯಾರೂ ಲೆಕ್ಕ ಹಾಕಲಿಲ್ಲ. ಅದು ತಯಾರಕರ ಕೆಲಸ ಎಂದುಕೊಂಡಿದ್ದೆವು ಎಂಬ ಎಂಜಿನಿಯರುಗಳ ಮಾತನ್ನು ಮಿಸ್ಸೌರಿಯ ವಿಚಾರಣೆ ಒಪ್ಪಲಿಲ್ಲ; ಮುದ್ರೆ ಒತ್ತಿದವನು ಕೆಲಸ ಹಂಚಬಹುದು, ಹೊಣೆ ಹಂಚಲಾಗದು ಎಂದು ಸಾರಿ ಆ ರಾಜ್ಯದಲ್ಲಿ ಅವರಿಗಿದ್ದ ಪರವಾನಗಿಗಳನ್ನು ರದ್ದು ಮಾಡಲಾಯಿತು. ತೀರ್ಪು ಸರಿಯಾದದ್ದೇ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂದು ನೋಡಬೇಕು. ಬಿದ್ದ ಮೇಲೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಒಬ್ಬನ ಸಹಿ ಒಳ್ಳೆಯ ಉತ್ತರ. ಬೀಳುವ ಮೊದಲು ಯಾರು ತಡೆಯಬೇಕು ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಕ್ವಿಬೆಕ್‌ನಲ್ಲಿ ಇದ್ದದ್ದು ಅಪ್ಪಟ ಒಬ್ಬನ ಸಹಿಯ ವ್ಯವಸ್ಥೆ. ಹೊಣೆ ಯಾರದೆಂಬ ಬಗ್ಗೆ 1908ರಲ್ಲಿ ಕಮಿಷನ್‌ಗೆ ಹೆಚ್ಚು ತಿಣುಕಬೇಕಾಗಲಿಲ್ಲ. ಕೊನೆಯ ಮಾತು ಒಬ್ಬನದೇ ಎಂದು ಒಪ್ಪಿಕೊಂಡ ಕೂಡಲೇ ಉಳಿದವರೆಲ್ಲ ತಮ್ಮ ಕಣ್ಣನ್ನು ನಂಬುವುದನ್ನು ಬಿಟ್ಟರು. ಎರಡೂಕಾಲು ಇಂಚು ಬಾಗಿದ ಉಕ್ಕನ್ನು ನೋಡಿದ ಮನುಷ್ಯ ಅದು ಅಪಾಯವೋ ಅಲ್ಲವೋ ಎಂದು ಕೇಳಲು ರೈಲು ಹತ್ತಿದ.

ಎರಡನೆಯ ಸೇತುವೆಯನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಈ ಬಾರಿ ಒಬ್ಬ ಮಹಾನುಭಾವರ ಬದಲು ಎಂಜಿನಿಯರುಗಳ ಮಂಡಳಿ ಬಂತು. ದಂಡಗಳ ಮಾದರಿ ಪರೀಕ್ಷೆಗಳು ನಡೆದವು. ಹಳೆಯ ಸೇತುವೆಗಿಂತ ಎರಡು ಪಟ್ಟಿಗೂ ಮಿಕ್ಕಿ ಉಕ್ಕು ಬಿತ್ತು. ಇಷ್ಟಾಗಿಯೂ 1916ರ ಸೆಪ್ಟೆಂಬರ್ 11ರಂದು ಸುಮಾರು 5,000 ಟನ್ನಿನ ನಡು ಅಂಕಣವನ್ನು ದೋಣಿಗಳ ಮೇಲೆ ತಂದು ಎತ್ತುವಾಗ ಎತ್ತುವ ಸಾಧನದ ಒಂದು ಎರಕದ ಭಾಗ ಸೀಳಿ ಅಂಕಣ ನೀರಿಗೆ ಬಿತ್ತು. 13 ಮಂದಿ ಸತ್ತರು. ಮಂಡಳಿ ಎಂಬುದು ಮಂತ್ರದಂಡವಲ್ಲ ಎಂದು ಇದನ್ನು ಮುಂದೊಡ್ಡುವವರಿಗೆ ನನ್ನ ತಕರಾರಿಲ್ಲ. 1917ರಲ್ಲಿ ಪೂರ್ಣವಾದ ಆ ಸೇತುವೆ 549 ಮೀಟರಿನ ಅಂಕಣದೊಂದಿಗೆ ಇಂದಿಗೂ ಜಗತ್ತಿನ ಅತಿ ಉದ್ದದ ಕ್ಯಾಂಟಿಲಿವರ್ (ಕಂಬಗಳಿಂದ ತೋಳು ಚಾಚಿ ನಿಲ್ಲುವ) ಸೇತುವೆ. ನಮ್ಮ ಹೌರಾ ಸೇತುವೆ ಅದೇ ವಂಶದ್ದು, ಅದರ ಅಂಕಣ 457 ಮೀಟರ್.

ಉಂಗುರ ಬಂದದ್ದು ಇದೆಲ್ಲ ಮುಗಿದ ಮೇಲೆ. 1922ರಲ್ಲಿ ಟೊರಾಂಟೊದ ಗಣಿ ಎಂಜಿನಿಯರಿಂಗ್ ಪ್ರಾಧ್ಯಾಪಕ ಹರ್ಬರ್ಟ್ ಹಾಲ್ಟನ್ ಎಂಜಿನಿಯರುಗಳಿಗೂ ಒಂದು ಪ್ರತಿಜ್ಞೆ ಬೇಕೆಂದು ವಾದಿಸಿ ರಡ್ಯಾರ್ಡ್ ಕಿಪ್ಲಿಂಗ್‌ಗೆ ಪತ್ರ ಬರೆದರು. ಕಿಪ್ಲಿಂಗ್ ವಿಧಿಯನ್ನು ಬರೆದುಕೊಟ್ಟರು. 1925ರ ಏಪ್ರಿಲ್ 25ರಂದು ಮಾಂಟ್ರಿಯಲ್‌ನಲ್ಲಿ ಮೊದಲ ಪ್ರತಿಜ್ಞೆ ನಡೆಯಿತು. ಮುಂಬೈಯಲ್ಲಿ ಹುಟ್ಟಿ, ಲಾಹೋರಿನಲ್ಲಿ ಪತ್ರಕರ್ತನಾಗಿದ್ದ ಕಿಪ್ಲಿಂಗ್ ಗಂಗೆಯ ಮೇಲೆ ಸೇತುವೆ ಕಟ್ಟುವವರ ಕುರಿತು 1893ರಲ್ಲೇ ಒಂದು ಕಥೆ ಬರೆದಿದ್ದವರು. ಆ ಕಥೆಯ ಎಂಜಿನಿಯರ್ ಪ್ರವಾಹ ಬರುವಾಗ ಸೇತುವೆಯ ಬಳಿಯಲ್ಲೇ ಇರುತ್ತಾನೆ ಎಂಬುದನ್ನು ನೆನೆದರೆ, ಪ್ರತಿಜ್ಞೆಗಿಂತ ಕಥೆಯೇ ಕ್ವಿಬೆಕ್‌ಗೆ ಹೆಚ್ಚು ಹತ್ತಿರದ ಮಾತು ಹೇಳುತ್ತದೆ ಅನ್ನಿಸುತ್ತದೆ. ಪ್ರತಿಜ್ಞೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಪ್ರಾಮಾಣಿಕನಾಗಲು ಹೊರಟವನನ್ನು ಅದು ಒಂದು ಕ್ಷಣ ತಡೆಯಬಹುದು, ಒಬ್ಬಂಟಿಯಾಗಿ ಎದುರು ನಿಂತವನಿಗೆ ಬೆನ್ನಾಗಬಹುದು. ಆದರೆ ಪ್ರತಿಜ್ಞೆ ಮಾಡಿದ ಮೆಕ್ಲೂರ್‌ಗೂ ತಡೆಯುವ ಅಧಿಕಾರ ಇರುತ್ತಿರಲಿಲ್ಲ. 1920ರಿಂದ ಕೆನಡಾದ ಪ್ರಾಂತ್ಯಗಳು ಒಂದೊಂದಾಗಿ ಮಾಡಿದ ಎಂಜಿನಿಯರುಗಳ ನೋಂದಣಿ ಕಾನೂನುಗಳು ಉಂಗುರದಷ್ಟು ಕಥೆಗಳನ್ನು ಹುಟ್ಟಿಸಲಿಲ್ಲ, ಆದರೆ ಕೆಲಸ ಮಾಡಿದ್ದು ಅವು. ಕ್ಯಾಲಿಫೋರ್ನಿಯಾದಲ್ಲೂ 1928ರಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದ ಮರುವರ್ಷವೇ ಎಂಜಿನಿಯರುಗಳ ಪರವಾನಗಿ ಕಾನೂನು ಬಂತು. ಅದಕ್ಕೂ ಮೊದಲು ಕಾನವಾಗೆಯ ಹೆಂಗಸರು ತಮ್ಮದೇ ಒಂದು ನಿಯಮ ಮಾಡಿದ್ದರು: ಊರಿನ ಗಂಡಸರೆಲ್ಲ ಒಂದೇ ಸೇತುವೆಯ ಮೇಲೆ ಕೆಲಸಕ್ಕೆ ಹೋಗಕೂಡದು. ಎಂಜಿನಿಯರುಗಳ ಮಾತನ್ನು ನಂಬಿ ಕೂರುವುದಿಲ್ಲ ಎಂಬುದು ಅದರ ಅರ್ಥ. ಆ ಊರಿನ ಗಂಡಸರು ಮುಂದೆ ಬೇರೆ ಬೇರೆ ಊರುಗಳಿಗೆ ಚದುರಿ, ನ್ಯೂಯಾರ್ಕಿನ ಗಗನಚುಂಬಿಗಳ ತನಕ ಉಕ್ಕು ಏರಿಸಿದರು.

ನಮ್ಮ ದೇಶದಲ್ಲಿ ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಎಂಜಿನಿಯರುಗಳಿಗಾಗಿ ಅಂಥದೊಂದು ಕಾಯ್ದೆಯ ಕರಡು ಮತ್ತೆ ಮತ್ತೆ ಎದ್ದು ಮತ್ತೆ ಮತ್ತೆ ಮಲಗಿದೆ. ನಗರಾಡಳಿತಗಳು ತಮ್ಮ ತಮ್ಮ ಮಟ್ಟದಲ್ಲಿ ನೋಂದಣಿ ಮಾಡಿಕೊಳ್ಳುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತಾಗ ಮೊದಲು ಎದ್ದ ಕೂಗು ಹೊಣೆ ಯಾರದು ಎಂಬುದು, ಮೊದಲು ನಡೆದದ್ದು ಬಂಧನ. ಕಾಯ್ದೆ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಡುಗಳ ಸುತ್ತಲಿನ ಚರ್ಚೆ ಪರವಾನಗಿ, ಮುದ್ರೆ, ದಂಡಗಳಲ್ಲೇ ಗಿರಕಿ ಹೊಡೆಯುತ್ತದೆ. ಸೈಟಿನಲ್ಲಿ ನಿಂತ ಕಿರಿಯ ಎಂಜಿನಿಯರ್‌ಗೆ ಕಾಂಕ್ರೀಟ್ ಸುರಿಯುವುದನ್ನು ತಡೆಯುವ ಅಧಿಕಾರ ಕೊಟ್ಟರೆ ಅಂಜುಬುರುಕರು ಕೆಲಸವನ್ನೇ ನಡೆಯಗೊಡುವುದಿಲ್ಲ ಎಂದು ಗುತ್ತಿಗೆದಾರರು ವಾದಿಸುತ್ತಾರೆ. ಅಂಥವರೂ ಇರುತ್ತಾರೆ. ಬೇಡದ ತಡೆಯಿಂದ ಆಗುವ ನಷ್ಟವನ್ನು ಹಣದಲ್ಲಿ ಎಣಿಸಿ ಒಪ್ಪಂದದಲ್ಲೇ ಬರೆದಿಡಬಹುದು, ತಡೆದವನ ಕೆಲಸ ಹೋಗದಂತೆಯೂ ಬರೆಯಬಹುದು. ಕ್ವಿಬೆಕ್‌ನಲ್ಲಿ ಆಗಸ್ಟ್ 27ರಿಂದ 29ರವರೆಗೆ ಕೆಲಸ ನಿಂತಿದ್ದರೆ ಫೀನಿಕ್ಸ್ ಕಂಪನಿಗೆ ಆಗುತ್ತಿದ್ದ ನಷ್ಟ ಎರಡು ದಿನದ ಕೂಲಿ.